‘ಇದು ಮಗುವಿಗೆ ಹೋಗುತ್ತದೆಯೇ ಅಕ್ಕಾ?’

ಮಲೆನಾಡಿನ ಒಂದು ತಾಲ್ಲೂಕು ಪೇಟೆಯ ಔಷಧ ಅಂಗಡಿಯಲ್ಲಿ ಹನ್ನೊಂದು ವರ್ಷಗಳಿಂದ ಫಾರ್ಮಸಿಸ್ಟ್ ಆಗಿದ್ದೇನೆ. ಆರನೆಯ ವರ್ಷ ನಾನು ಆಡಿದ ಒಂದು ಮಾತು ಈಗ ನೆನಪಾದರೂ ಎದೆ ಧಸಕ್ಕೆನ್ನುತ್ತದೆ.

ಐದು ತಿಂಗಳ ಬಸುರಿ. ಕೈಯಲ್ಲಿ ತಾಯಿ ಕಾರ್ಡ್, ಅದರೊಳಗೆ ಮಡಿಸಿಟ್ಟ ಚೀಟಿ. ಉರಿಮೂತ್ರಕ್ಕೆ ಸೆಫಲೆಕ್ಸಿನ್ ಎಂಬ ಆಂಟಿಬಯಾಟಿಕ್, ದಿನಕ್ಕೆ ಎರಡರಂತೆ ಏಳು ದಿನ. ಹದಿನಾಲ್ಕು ಕ್ಯಾಪ್ಸೂಲ್ ಎಣಿಸಿ ಕೊಟ್ಟಾಗ ಅವರು ಕೇಳಿದರು: “ಇದು ಮಗುವಿಗೆ ಹೋಗುತ್ತದೆಯೇ ಅಕ್ಕಾ?” ಸಂಜೆಯ ಬಸ್ಸಿನ ಹೊತ್ತು, ಅವರ ಹಿಂದೆ ಆರೇಳು ಜನ ನಿಂತಿದ್ದರು. “ಹೋಗುತ್ತದಮ್ಮ, ತಾಯಿ ತೆಗೆದುಕೊಂಡದ್ದು ಸ್ವಲ್ಪವಾದರೂ ಹೋಗಿಯೇ ಹೋಗುತ್ತದೆ” ಎಂದು ಹೇಳಿ ಚಿಲ್ಲರೆ ಕೊಟ್ಟೆ.

ಒಂಬತ್ತನೆಯ ದಿನ ಅವರ ಗಂಡ ಬಂದರು. ಹೆಂಡತಿಗೆ ಹಲ್ಲು ಕಟಕಟಿಸುವಂಥ ಚಳಿಜ್ವರ, ಬೆನ್ನಿನ ಒಂದು ಪಕ್ಕೆಯಲ್ಲಿ ತಡೆಯಲಾರದ ನೋವು. ಸೋಂಕು ಮೂತ್ರಪಿಂಡಕ್ಕೆ ಏರಿದೆಯೆಂದು ಆಸ್ಪತ್ರೆಗೆ ಸೇರಿಸಿಕೊಂಡಿದ್ದರು. ಹೊಟ್ಟೆಯೂ ಆಗಾಗ ಬಿಗಿಯುತ್ತಿತ್ತಂತೆ. ಅವರು ಚೀಲದಿಂದ ಹನ್ನೆರಡು ಕ್ಯಾಪ್ಸೂಲ್ ತೆಗೆದು ಕೌಂಟರಿನ ಮೇಲಿಟ್ಟರು. “ಮಗುವಿಗೆ ಹೋಗುತ್ತದೆ ಎಂದು ನೀವೇ ಹೇಳಿದಿರಂತೆ. ಎರಡು ತೆಗೆದುಕೊಂಡು ನಿಲ್ಲಿಸಿದ್ದಾಳೆ. ಇವನ್ನು ವಾಪಸ್ ತೆಗೆದುಕೊಳ್ಳುತ್ತೀರಾ?” ಎಂದಷ್ಟೇ ಕೇಳಿದರು. ಪುಣ್ಯಕ್ಕೆ ಆಸ್ಪತ್ರೆಯಲ್ಲಿ ಕೊಟ್ಟ ಇಂಜೆಕ್ಷನ್‌ಗಳಿಗೆ ಜ್ವರ ಇಳಿಯಿತು, ಮಗು ದಿನ ತುಂಬಿಯೇ ಹುಟ್ಟಿತು.

ನಾನು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಲ್ಲಿಸಿದ್ದೆ. ತಾಯಿಯಿಂದ ಮಗುವಿಗೆ ಆಹಾರ ದಾಟಿಸುವ ಮಾಸು (ಪ್ಲಾಸೆಂಟಾ) ಗೋಡೆಯಲ್ಲ. ತಾಯಿಯ ರಕ್ತವೂ ಮಗುವಿನ ರಕ್ತವೂ ಬೆರೆಯುವುದಿಲ್ಲ ನಿಜ. ಆದರೆ ನಡುವೆ ಇರುವುದು ಜೀವಕೋಶಗಳ ತೆಳು ಪದರ, ದಿನ ತುಂಬುತ್ತ ಬಂದಂತೆ ಅದು ಇನ್ನಷ್ಟು ತೆಳುವಾಗುತ್ತದೆ. ಸುಮಾರು 500 ಡಾಲ್ಟನ್‌ಗಿಂತ (ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ) ಚಿಕ್ಕ ಅಣು, ಅದರಲ್ಲೂ ಕೊಬ್ಬಿನಲ್ಲಿ ಕರಗುವಂಥದ್ದು, ರಕ್ತದ ಪ್ರೋಟೀನಿಗೆ ಹೆಚ್ಚು ಅಂಟಿಕೊಳ್ಳದಂಥದ್ದು ಸುಲಭವಾಗಿ ದಾಟುತ್ತದೆ. ನಾವು ದಿನವೂ ಮಾರುವ ಎಷ್ಟೋ ಆಂಟಿಬಯಾಟಿಕ್‌ಗಳು ಈ ಅಳತೆಯೊಳಗೇ ಇವೆ. ಹಾಗಾಗಿ ಹೋಗುತ್ತದೆಯೋ ಇಲ್ಲವೋ ಎಂಬುದನ್ನೇ ಹಿಡಿದು ಕುಳಿತರೆ ಯಾವ ಗರ್ಭಿಣಿಗೂ ಔಷಧ ಕೊಡುವಂತಿಲ್ಲ. ಯಾವುದು ಹೋಗುತ್ತದೆ, ಯಾವ ತಿಂಗಳಲ್ಲಿ, ಅಲ್ಲಿ ಹೋಗಿ ಏನು ಮಾಡುತ್ತದೆ ಎಂಬುದನ್ನು ನೋಡಬೇಕು.

ಟೆಟ್ರಾಸೈಕ್ಲಿನ್ ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ. ಮಗುವಿನ ಹಾಲುಹಲ್ಲು ಗಟ್ಟಿಯಾಗತೊಡಗುವುದು ಸುಮಾರು ನಾಲ್ಕನೆಯ ತಿಂಗಳಿಂದ. ಆಮೇಲೆ ತಾಯಿ ಅದನ್ನು ತೆಗೆದುಕೊಂಡರೆ ಹಲ್ಲು ಹಳದಿಯೋ ಕಂದೋ ಆಗಿಯೇ ಮೂಡಬಹುದು. ಸ್ಟ್ರೆಪ್ಟೊಮೈಸಿನ್ ಕಿವಿಯ ನರವನ್ನು ಕೆಡಿಸಬಲ್ಲದು, ಆದ್ದರಿಂದಲೇ ಗರ್ಭಿಣಿಯರ ಕ್ಷಯದ ಚಿಕಿತ್ಸೆಯಲ್ಲಿ ಅದನ್ನು ಬಳಸುವುದಿಲ್ಲ. ಕೋಟ್ರೈಮಾಕ್ಸಜೋಲ್ ಒಂದರೊಳಗೇ ಎರಡು ಕಾಲದ ಅಪಾಯಗಳಿವೆ. ಅದರಲ್ಲಿನ ಟ್ರೈಮೆಥೋಪ್ರಿಮ್ ಫೋಲಿಕ್ ಆಮ್ಲದ ಕೆಲಸಕ್ಕೆ ಅಡ್ಡಬರುತ್ತದೆ. ಆ ಆಮ್ಲ ಬೇಕಾಗುವ ಕೆಲಸಗಳಲ್ಲೊಂದಾದ ಭ್ರೂಣದ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ. ಬಹಳ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂಬುದೇ ಆಗ ಗೊತ್ತಿರುವುದಿಲ್ಲ. ಅದರಲ್ಲಿನ ಸಲ್ಫಾ ಅಂಶ ಹೆರಿಗೆ ಹತ್ತಿರವಿರುವಾಗ ಹೋದರೆ ಹುಟ್ಟಿದ ಮಗುವಿನ ಕಾಮಾಲೆ ಮಿದುಳಿಗೆ ಏರುವ ಭಯವಿದೆ.

ಮಗುವಿಗೆ ಹೋಗಲೇಬೇಕಾದ ಔಷಧವೂ ಉಂಟು. ತಾಯಿಗೆ ಸಿಫಿಲಿಸ್ ಇದ್ದರೆ ಕೊಡುವುದು ಬೆಂಜಥೈನ್ ಪೆನಿಸಿಲಿನ್. ಅದು ಮಾಸನ್ನು ದಾಟಿ ಒಳಗಿನ ಮಗುವಿನ ಸೋಂಕನ್ನೂ ಕಳೆಯುತ್ತದೆ. ಅದರ ಬದಲಿಗೆ ಎರಿತ್ರೊಮೈಸಿನ್ ಕೊಟ್ಟರೆ, ಅದು 734 ಡಾಲ್ಟನ್‌ನ ದೊಡ್ಡ ಅಣು, ತೀರ ಕಡಿಮೆ ದಾಟುತ್ತದೆ. ಅದನ್ನು ನಂಬಿದರೆ ಮಗುವಿಗೆ ಚಿಕಿತ್ಸೆಯೇ ಸಿಗದೆ ಹೋಗಬಹುದು. ಈ ವಿಷಯ ಓದಿದ ದಿನ ‘ಹೋಗುತ್ತದೆ’ ಎಂಬ ಮಾತಿಗೆ ನನ್ನ ತಲೆಯಲ್ಲಿದ್ದ ಅರ್ಥವೇ ಬದಲಾಯಿತು.

ಇನ್ನು ಉರಿಮೂತ್ರದ ವಿಚಾರ. ಬಸುರಿನಲ್ಲಿ ಮೂತ್ರನಾಳ ಸಡಿಲಗೊಂಡು, ಬೆಳೆಯುವ ಗರ್ಭಕೋಶ ಒತ್ತಿ, ಮೂತ್ರ ನಿಲ್ಲುತ್ತದೆ. ಸೋಂಕು ಮೇಲಕ್ಕೇರಲು ಅಷ್ಟು ಸಾಕು. ಉರಿಯೇ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವ ಗರ್ಭಿಣಿಯರಲ್ಲೂ ಚಿಕಿತ್ಸೆ ಕೊಡದಿದ್ದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಮೂತ್ರಪಿಂಡ ಮುಟ್ಟುತ್ತದೆ. ಅವಧಿಗೆ ಮುಂಚಿನ ಹೆರಿಗೆಗೂ ಅದು ಕಾರಣವಾಗಬಲ್ಲದು. ಸೆಫಲೆಕ್ಸಿನ್ ಗರ್ಭಿಣಿಯರಿಗೆ ದಶಕಗಳಿಂದ ಕೊಡುತ್ತಿರುವ ಔಷಧ. ಅದನ್ನು ಬಿಡುವಂತೆ ಮಾಡಿದ್ದು ನನ್ನ ಮಾತು.

ಅಂದಿನಿಂದ ಹರೆಯದ ಹೆಣ್ಣುಮಗಳಿಗೆ ಆಂಟಿಬಯಾಟಿಕ್ ಕೊಡುವ ಮೊದಲು ಮುಟ್ಟು ತಪ್ಪಿದೆಯೇ ಎಂದು ಕೇಳುತ್ತೇನೆ. ಗಟ್ಟಿಯಾಗಿ ಕೇಳಬಾರದು ಎಂಬುದನ್ನೂ ಕಲಿತೆ. ಅತ್ತೆಯೋ ಮಾವನೋ ಪಕ್ಕದಲ್ಲಿದ್ದರೆ ಉತ್ತರ ‘ಇಲ್ಲ’ ಎಂದೇ ಬರುತ್ತದೆ. ಹೋದ ಮಳೆಗಾಲ, ನಾಟಿಯ ದಿನಗಳಲ್ಲಿ, ಇಲಿಜ್ವರದ ಶಂಕೆಯಿಂದ ಟೆಟ್ರಾಸೈಕ್ಲಿನ್ ಗುಂಪಿನದೇ ಆದ ಡಾಕ್ಸಿಸೈಕ್ಲಿನ್ ಬರೆದ ಚೀಟಿ ಹಿಡಿದು ಒಬ್ಬ ಹುಡುಗಿ ಅತ್ತೆಯೊಂದಿಗೆ ಬಂದಳು. ತೂಕ ನೋಡಬೇಕು ಎಂದು ಒಳಗೆ ಕರೆದು ಕೇಳಿದೆ. “ಹದಿನೈದು ದಿನ ಮೀರಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ” ಎಂದಳು. ಅಲ್ಲಿಂದಲೇ ವೈದ್ಯರಿಗೆ ಫೋನ್ ಮಾಡಿದೆ. ಅವರು ಔಷಧ ಬದಲಿಸಿ ಅಜಿತ್ರೊಮೈಸಿನ್ ಹೇಳಿದರು. ಡಾಕ್ಸಿಸೈಕ್ಲಿನ್‌ನಿಂದ ಹಳೆಯ ಟೆಟ್ರಾಸೈಕ್ಲಿನ್‌ನಷ್ಟು ಕೇಡಿಲ್ಲವೆಂದು ಈಗ ಕಾಣುತ್ತಿದೆ. ಆದರೂ ಬೇರೆ ಔಷಧ ಇರುವಾಗ ಅದೇಕೆ?

ಆಗಲೇ ಒಂದೆರಡು ನುಂಗಿ ಬಂದು ಅಳುವವರೂ ಇದ್ದಾರೆ. ಅವರಿಗೆ ನಾನು ಹೆದರಿಕೆ ಹುಟ್ಟಿಸುವುದಿಲ್ಲ, ‘ಏನೂ ಆಗುವುದಿಲ್ಲ’ ಎಂದು ಆಣೆಯನ್ನೂ ಇಡುವುದಿಲ್ಲ. ಔಷಧದ ಹೆಸರು, ತೆಗೆದುಕೊಂಡ ತಾರೀಖು, ಕೊನೆಯ ಮುಟ್ಟಿನ ದಿನ ಈ ಮೂರನ್ನು ಚೀಟಿಯಲ್ಲಿ ಬರೆದು ವೈದ್ಯರಲ್ಲಿಗೆ ಕಳಿಸುತ್ತೇನೆ.

ಗರ್ಭಿಣಿಯರಿಗೆ ಆಂಟಿಬಯಾಟಿಕ್ ಕೊಟ್ಟ ಮೂರನೆಯ ದಿನ ಫೋನ್ ಮಾಡುತ್ತೇನೆ. ಮೊನ್ನೆ ಒಬ್ಬರು “ಉರಿ ಹೋಯಿತಕ್ಕಾ, ಅದಕ್ಕೇ ನಿಲ್ಲಿಸೋಣ ಎಂದುಕೊಂಡೆ” ಎಂದರು. ಇನ್ನೆಷ್ಟು ಉಳಿದಿವೆ ಎಂದು ಕೇಳಿದೆ. ಎಣಿಸಿ ಎಂಟು ಎಂದರು. ಆ ಎಂಟೂ ಮುಗಿಯುವವರೆಗೆ ದಿನವೂ ರಾತ್ರಿ ಫೋನ್ ಮಾಡಿದೆ.