ಜಗಳೂರು ಬಸ್ಸೂ ಅಂಪೈರ್ ಪಟ್ಟಿಯೂ

ತಾಲ್ಲೂಕು ತಂಡಗಳ ಕಬಡ್ಡಿ, ಜಾಗ ದಾವಣಗೆರೆ ಹೈಸ್ಕೂಲ್ ಮೈದಾನ. ಅಂಪೈರ್ ಪಟ್ಟಿ ಮಾಡೋ ಕೆಲಸ ನಮ್ಮ ಮಾವನದು. ಅವರು ಪಿ.ಟಿ. ಮೇಷ್ಟ್ರು. ‘ಲೆಕ್ಕ ಓದಿದ್ದೀಯಲ್ಲ, ಬಾರಪ್ಪ’ ಅಂತ ನನ್ನನ್ನೂ ಕೂರಿಸಿಕೊಂಡರು.

ಒಂದು ಕಬಡ್ಡಿ ಪಂದ್ಯಕ್ಕೆ ಆರು ಜನ ಬೇಕು: ರೆಫ್ರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್. ಕೋರ್ಟ್ ಎರಡು, ಅಂದ್ರೆ ಒಟ್ಟಿಗೆ ಹನ್ನೆರಡು ಜನ. ಎಲ್ಲರೂ ಯಾವುದೋ ತಾಲ್ಲೂಕಿನ ಮೇಷ್ಟ್ರುಗಳೇ. ಚನ್ನಗಿರಿ ಆಡುವಾಗ ಚನ್ನಗಿರಿಯವರು ಸೀಟಿ ಹಿಡಿಯೋ ಹಾಗಿಲ್ಲ. ಸಾಲಾಗಿ ಎರಡು ಪಂದ್ಯ ಹಾಕಿದರೆ ಯಾರಿಗಾದರೂ ಕಾಲು ಸೋಲುತ್ತೆ. ಜಗಳೂರಿನ ಒಬ್ಬರು ಸಂಜೆ ಬಸ್ಸಿಗೆ ಹೋಗಲೇಬೇಕಂತೆ. ಇನ್ನಿಬ್ಬರು ಮಾತು ಬಿಟ್ಟಿದ್ದಾರೆ, ಒಂದೇ ಕೋರ್ಟಿಗೆ ಹಾಕಬೇಡ ಅಂತ ಮಾವ ಮೆಲ್ಲಗೆ ಹೇಳಿದರು. ಇಂಥ ನಿಯಮ ಯಾವ ಪುಸ್ತಕದಲ್ಲೂ ಇರಲ್ಲ ಬಿಡಿ.

ಮಾವ ಬೆಳಗಿನ ಪಂದ್ಯದಿಂದ ಹೆಸರು ತುಂಬಿಸುತ್ತಾ ಹೋದರು. ಮಧ್ಯಾಹ್ನದವರೆಗೆ ಸಲೀಸು. ಸಂಜೆಯ ಹರಿಹರ–ಹೊನ್ನಾಳಿ ಪಂದ್ಯಕ್ಕೆ ಬಂದಾಗ ಬಿಡುವಿದ್ದವರಲ್ಲಿ ಮುಕ್ಕಾಲು ಪಾಲು ಅವೆರಡೇ ತಾಲ್ಲೂಕಿನವರು! ಸದ್ಯಕ್ಕೆ ಯಾರು ಕೈಗೆ ಸಿಕ್ಕರೋ ಅವರನ್ನು ಹಾಕಿ ಮುಂದಕ್ಕೆ ಹೋಗೋದಕ್ಕೆ ಗ್ರೀಡಿ ವಿಧಾನ ಅಂತಾರೆ. ಅದು ಕೈ ಕೊಡೋದು ಯಾವಾಗಲೂ ಕೊನೆಯಲ್ಲೇ.

ಪಟ್ಟಿ ತಿರುಗಿಸಿದೆವು. ಯಾವ ಪಂದ್ಯಕ್ಕೆ ಅರ್ಹರು ಕಡಿಮೆಯೋ ಅದನ್ನೇ ಮೊದಲು ತುಂಬಿದೆವು. ಆಮೇಲೆ ಎರಡೆರಡು ಹೆಸರು ಅದಲುಬದಲು ಮಾಡಿ ನೋಡೋದು, ಸುಧಾರಿಸಿದರೆ ಉಳಿಸಿಕೊಳ್ಳೋದು. ಅಷ್ಟರಲ್ಲಿ ಮಂಡಕ್ಕಿ, ಮಿರ್ಚಿ ಬಂತು. ಮಿರ್ಚಿ ಎಣ್ಣೆ ತಾಗಿ ಸಂಜೆ ಪಂದ್ಯದ ಸಾಲು ಅರ್ಧ ಮಾಯ.

ಅಮೆರಿಕದ ಬೇಸ್‌ಬಾಲ್ ಲೀಗಿನ ಕಥೆ ಮಾವನಿಗೆ ಹೇಳಿದೆ. ಅಲ್ಲಿ 30 ತಂಡ, ಒಂದೊಂದಕ್ಕೂ ಸೀಸನ್‌ಗೆ 162 ಪಂದ್ಯ. ಅಂಪೈರ್‌ಗಳು ನಾಲ್ಕು ಜನರ ಗುಂಪಾಗಿ ಊರೂರು ಸುತ್ತುತ್ತಾರೆ. ಮೈಕೆಲ್ ಟ್ರಿಕ್ ಅನ್ನೋ ಸಂಶೋಧಕ ಮತ್ತು ಜೊತೆಗಾರರು ಇದನ್ನು ‘ಟ್ರಾವೆಲಿಂಗ್ ಅಂಪೈರ್ ಪ್ರಾಬ್ಲಮ್’ ಅಂತ ಗಣಿತವಾಗಿಸಿದರು. ಓಡಾಟ ಕಡಿಮೆ ಮಾಡೋಕೆ ಹೋದರೆ ಅದೇ ತಂಡ ಮತ್ತೆ ಮತ್ತೆ ಎದುರಾಗುತ್ತೆ. ಅದನ್ನು ತಪ್ಪಿಸಿದರೆ ಓಡಾಟ ಜಾಸ್ತಿ. ಈ ಎಳೆದಾಟವೇ ಅದರ ಕಷ್ಟ. ‘ನಮಗೆ ಆ ಕೋರ್ಟಿಂದ ಈ ಕೋರ್ಟಿಗೆ ನಾಲ್ಕು ಹೆಜ್ಜೆ’ ಅಂತ ಮಾವ ನಕ್ಕರು.

ಫೈನಲ್‌ಗೆ ಮಾತ್ರ ಹೆಸರು ಬರೆಯಲಿಲ್ಲ. ಯಾವ ತಂಡ ಬರುತ್ತೋ ತಿಳಿಯದೆ ಬರೆಯೋದು ಹೇಗೆ? ಬೇರೆ ಬೇರೆ ತಾಲ್ಲೂಕಿನವರನ್ನು ಜಾಸ್ತಿಯೇ ಕಾಯ್ದಿರಿಸಿದೆವು. ಕೊನೆಗೆ ಬಂದಿದ್ದು ಚನ್ನಗಿರಿ, ದಾವಣಗೆರೆ. ರೆಫ್ರಿ ಯಾರು ಅನ್ನೋ ಹೊತ್ತಿಗೆ ಜಗಳೂರಿನ ಮೇಷ್ಟ್ರು ಬ್ಯಾಗ್ ಕೆಳಗಿಟ್ಟು ಮುಂದೆ ಬಂದರು. ‘ಸರ್, ಬಸ್ಸು?’ ಅಂದೆ.

‘ಫೈನಲ್ ಕೊಡೋದಾದ್ರೆ ಬಸ್ಸು ಹೋಗ್ಲಿ ಬಿಡಪ್ಪ.’