ಡಿಗ್ರಿ ಸರ್ಟಿಫಿಕೇಟಿನಲ್ಲಿ ಮೊದಲು ಇಸವಿ ನೋಡಿ

ಮಂಗಳೂರಿನಲ್ಲಿ ನನ್ನದು ಸರ್ಟಿಫಿಕೇಟ್ ವೆರಿಫಿಕೇಶನ್ ಕೆಲಸ. ಗಲ್ಫ್‌ಗೆ ಹೊರಟವರು, ಬೆಂಗಳೂರಿನ ಕಂಪನಿಗೆ ಸೇರುವವರು, ಎಲ್ಲರ ಕಾಗದಗಳೂ ನಮ್ಮ ಟೇಬಲ್ಲಿಗೆ ಬರುತ್ತವೆ. ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲು ಹೇಳುವುದು ಇಷ್ಟೇ: ಕಾಲೇಜಿನ ಹೆಸರಿಗಿಂತ ಮುಂಚೆ ಪಾಸಾದ ಇಸವಿ ನೋಡಿ.

ಯಾಕಂದ್ರೆ ಹಿರಿಯರೊಬ್ಬರು 'ನಾನು ಎಂ.ಎ. ಮಾಡಿದ್ದು ಕೊಣಾಜೆಯಲ್ಲಿ', ಅಂದರೆ ಈಗ ಮಂಗಳೂರು ವಿಶ್ವವಿದ್ಯಾನಿಲಯ ಇರುವ ಜಾಗದಲ್ಲಿ, ಅಂತಾರೆ, ಸರ್ಟಿಫಿಕೇಟ್ ತೆಗೆದು ನೋಡಿದರೆ ಮೈಸೂರು ವಿಶ್ವವಿದ್ಯಾನಿಲಯದ ಸೀಲು ಇರುತ್ತದೆ. ಹುಡುಗರಿಗೆ ತಕ್ಷಣ ಅನುಮಾನ. ಆದರೆ ಅದು ಸರಿಯಾಗಿಯೇ ಇದೆ. 1968ರಲ್ಲಿ ಕೊಣಾಜೆಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆದದ್ದೇ ಮೈಸೂರು ವಿವಿ. ಕನ್ನಡದ ಕವಿ, ಪ್ರಾಧ್ಯಾಪಕ ಎಸ್.ವಿ. ಪರಮೇಶ್ವರ ಭಟ್ಟರು ಅದನ್ನು ಬೆಳೆಸಿದರು. 1980ರ ಸೆಪ್ಟೆಂಬರ್ 10ಕ್ಕೆ ಅದೇ ಮಂಗಳೂರು ವಿಶ್ವವಿದ್ಯಾನಿಲಯವಾಯಿತು, ಬಿ. ಷೇಕ್ ಅಲಿ ಮೊದಲ ಕುಲಪತಿಗಳಾದರು. ಅದಕ್ಕೂ ಹಿಂದೆ ಹೋದರೆ ಮದ್ರಾಸ್ ವಿವಿಯ ಕಾಗದವೂ ಸಿಗುತ್ತದೆ. ಹಂಪನಕಟ್ಟೆಯ ಯೂನಿವರ್ಸಿಟಿ ಕಾಲೇಜು 1868ರಷ್ಟು ಹಳೆಯದು, 1956ರವರೆಗೆ ಈ ಜಿಲ್ಲೆ ಇದ್ದದ್ದು ಮದ್ರಾಸ್ ಕಡೆಗೆ ಅಲ್ವಾ.

ಸುರತ್ಕಲ್‌ನ ಕೆ.ಆರ್.ಇ.ಸಿ. (ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು) ಇಂಜಿನಿಯರುಗಳದ್ದು ಇನ್ನೂ ಜಾಸ್ತಿ ಗೊಂದಲ. ಒಂದೇ ಕ್ಯಾಂಪಸ್ಸು, ಒಬ್ಬರಿಗೆ ಮೈಸೂರು ಡಿಗ್ರಿ, ಅವರ ಜೂನಿಯರ್‌ಗೆ ಮಂಗಳೂರು ಡಿಗ್ರಿ. ಆಮೇಲೆ 1998ರಲ್ಲಿ ವಿ.ಟಿ.ಯು. (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಬಂತು, 2002ರಲ್ಲಿ ಕಾಲೇಜೇ ಎನ್.ಐ.ಟಿ.ಕೆ. (ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಕರ್ನಾಟಕ) ಆಯಿತು. ಇದು ಗೊತ್ತಿಲ್ಲದೆ ಸುಮ್ನೆ ತಪ್ಪು ವಿವಿಗೆ ಪತ್ರ ಬರೆದರೆ ಉತ್ತರಕ್ಕೆ ಕಾಯುತ್ತಾ ಕೂರಬೇಕು, ಅಷ್ಟರಲ್ಲಿ ಅಭ್ಯರ್ಥಿಯ ವೀಸಾ ಕೆಲಸ ಅಲ್ಲೇ ನಿಂತಿರುತ್ತದೆ. ಕಾಯುವವರ ಮನೆಯಲ್ಲಿ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಇನ್ನೊಂದು ಮಾತು. ಹೊಸಬರನ್ನು ಒಂದು ಸಲವಾದರೂ ಕೊಣಾಜೆಗೆ ಕಳಿಸಬೇಕು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಬಸ್ಸು ಹತ್ತಿದರೆ ನೇತ್ರಾವತಿ ಸೇತುವೆ, ತೊಕ್ಕೊಟ್ಟು, ದೇರಳಕಟ್ಟೆ ದಾಟಿ ಗುಡ್ಡ ಏರುತ್ತದೆ. 353 ಎಕರೆಯ ಮುರಕಲ್ಲಿನ ಗುಡ್ಡ ಅದು. ಮೇಲೆ ನಿಂತು ನೋಡಿದರೆ ನೇತ್ರಾವತಿ ಕಾಣುತ್ತದೆ. ವಿಭಾಗಗಳೆಲ್ಲ ದೂರ ದೂರ, ಬಿಸಿಲಿನಲ್ಲಿ ನಡೆದು ನೋಡಿದರೇನೇ ಯಾವ ಆಫೀಸು ಎಲ್ಲಿದೆ ಅಂತ ತಲೆಗೆ ಹೋಗುವುದು. ವಿಳಾಸದಲ್ಲಿ 'ಮಂಗಳಗಂಗೋತ್ರಿ' ಅಂತಿದ್ದರೆ ಅದೇ ಜಾಗ, ಬೇರೆ ಊರಲ್ಲ.

ಈಗ ಕೊಡಗಿನ ಕಾಗದಗಳ ಮೇಲೂ ಕಣ್ಣಿಡಿ. ಅಲ್ಲಿನ ಕಾಲೇಜುಗಳು ಮಂಗಳೂರು ವಿವಿಗೆ ಸೇರಿದ್ದವು, 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಬೇರೆಯಾಯಿತು. ಮಡಿಕೇರಿಯ ಒಂದೇ ಕಾಲೇಜಿನಲ್ಲಿ ಓದಿದ ಅಕ್ಕ ತಂಗಿಯರ ಫೈಲುಗಳು ಇನ್ನು ಮುಂದೆ ಎರಡು ಬೇರೆ ವಿಳಾಸಗಳಿಗೆ ಹೋಗಬಹುದು.