ಕಪಾಟಿನ ಬೀಗ ತೆಗೆದ ಮೇಲೆ

ಕಾರವಾರದ ಒಂದು ಗ್ರಂಥಾಲಯದಲ್ಲಿ ನನ್ನ ಕೆಲಸ. ಒಂದು ಬೇಸಿಗೆಯಲ್ಲಿ ಸಮಕಾಲೀನ ಕಲೆಯ ಪುಸ್ತಕಗಳು ಎರಡು ಪೆಟ್ಟಿಗೆ ತುಂಬ ಬಂದವು. ದೊಡ್ಡ ಗಾತ್ರ, ಹೊಳೆಯುವ ಹಾಳೆ, ಎತ್ತಿದರೆ ಕೈ ನೋಯುವಷ್ಟು ಭಾರ. ಬೆಲೆ ನೋಡಿ ಹೆದರಿದೆ. ಎಲ್ಲದಕ್ಕೂ, ಮನೆಗೆ ಕೊಡುವಂತಿಲ್ಲ ಎನ್ನುವ ರೆಫರೆನ್ಸ್ ಸೀಲು ಹೊಡೆದು, ಗಾಜಿನ ಕಪಾಟಿಗೆ ಸೇರಿಸಿ ಬೀಗ ಹಾಕಿದೆ. ಜೋಪಾನ ಮಾಡಿದೆ ಅಂತಲೇ ನಂಬಿದ್ದೆ.

ಆ ಕಪಾಟು ಸಮುದ್ರದ ಕಡೆಯ ಗೋಡೆಗೆ ತಾಗಿಕೊಂಡಿತ್ತು. ನಮ್ಮಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ. ಹೆಚ್ಚುಕಡಿಮೆ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಚೌತಿ ಮುಗಿಸಿ ಬಂದು ಬೀಗ ತೆಗೆದರೆ ಬೂಷ್ಟಿನ ವಾಸನೆ. ಗೋಡೆಯ ನೀರು ಇಳಿದು ಕೆಳಗಿನ ಸಾಲು ಒದ್ದೆಯಾಗಿ, ಹಾಗೇ ಒಣಗಿತ್ತು. ಒಂದು ಪುಸ್ತಕದ ಹಾಳೆಗಳು ಹಲಗೆಯ ಹಾಗೆ ಅಂಟಿಕೊಂಡಿದ್ದವು. ಮೆಲ್ಲಗೆ ಎಳೆದರೂ ಚಿತ್ರ ಕಿತ್ತು ಎದುರಿನ ಪುಟಕ್ಕೆ ಹೋಯಿತು.

ಆರ್ಟ್ ಪೇಪರಿನ ಮೇಲೆ ನುಣ್ಣನೆಯ ಬಿಳಿ ಜೇಡಿಮಣ್ಣಿನ ಲೇಪವಿರುತ್ತದೆ, ಅದನ್ನು ಹಿಡಿದಿಡಲು ಅಂಟು. ನೀರು ತಾಗಿದರೆ ಆ ಅಂಟು ಮೆತ್ತಗಾಗುತ್ತದೆ. ಒದ್ದೆ ಇರುವಾಗಲೇ ಹಾಳೆ ಬಿಡಿಸಿ, ನಡುವೆ ಬೇರೆ ಕಾಗದ ಇಟ್ಟು, ಫ್ಯಾನಿನ ಕೆಳಗೆ ಒಣಗಿಸಿದರೆ ಉಳಿಸಬಹುದು. ಹಾಗೇ ಒಣಗಿದರೆ ಮುಗಿಯಿತು. ದಿನಾ ಯಾರಾದರೂ ಆ ಪುಸ್ತಕ ತೆರೆಯುತ್ತಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು, ಅಲ್ವಾ? ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು ಗ್ರಂಥಾಲಯ ವಿಜ್ಞಾನಿ ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದು. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದೆ.

ಪುಸ್ತಕಗಳ ಜೊತೆ ಕೆಲವು ಡಿವಿಡಿಗಳೂ ಬಂದಿದ್ದವು. ಬೇರೆ ನಂಬರ್ ಕೊಟ್ಟು ಬೇರೆ ಡಬ್ಬಿಯಲ್ಲಿಟ್ಟಿದ್ದೆ, ಯಾರೂ ಕೇಳಲೇ ಇಲ್ಲ. ಈಗ ಪುಸ್ತಕದ ಚೀಟಿಯ ಮೇಲೇ ಡಿವಿಡಿ ಇದೆ ಎಂದು ಬರೆಯುತ್ತೇನೆ.

ಉಳಿದ ಪುಸ್ತಕಗಳನ್ನು ಕಿಟಕಿಯ ಬಿಸಿಲು ಬೀಳದ ಉದ್ದ ಮೇಜಿನ ಮೇಲೆ ಮಲಗಿಸಿ ಇಟ್ಟೆ. ಇಷ್ಟು ಭಾರದ ಪುಸ್ತಕ ನಿಲ್ಲಿಸಿದರೆ ಬೆನ್ನು ಹರಿಯುತ್ತದೆ.

ಅದರಲ್ಲಿ ಕಲಾವಿದೆ ಶೀಲಾ ಗೌಡ ಅವರ ಮೇಲಿನದೂ ಒಂದಿತ್ತು. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಚಿತ್ರ ಬರೆಯುತ್ತಿದ್ದವರು 1990ರ ದಶಕದಲ್ಲಿ ಸಗಣಿ, ದಾರ, ಕುಂಕುಮ ಹಿಡಿದು ಕೆಲಸ ಮಾಡತೊಡಗಿದರು. ಪುಸ್ತಕಗಳನ್ನು ವಿಷಯದಂತೆ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಅದಕ್ಕೆ ನಾನು ಸುಮ್ನೆ ಚಿತ್ರಕಲೆಯ ನಂಬರ್ 750 ಕೊಟ್ಟಿದ್ದೆ. ಮಗಳ ಜೊತೆ ಬಂದಿದ್ದ ಒಬ್ಬರು ಅದನ್ನು ತುಂಬ ಹೊತ್ತು ನೋಡಿದರು. "ಮೇಡಂ, ಇದು ಸಗಣಿ ಅಲ್ವಾ? ಇದ್ನ ಚಿತ್ರದ ಪುಸ್ತಕ ಅಂತ ಯಾಕೆ ಬರ್ದೀರಿ?" ಅಂದರು. ಸರಿಯಾದ ಪ್ರಶ್ನೆ. ಅದೇ ದಿನ ಭಾರತೀಯ ಕಲೆಯ 709.54ಕ್ಕೆ ಬದಲಾಯಿಸಿದೆ.

ಆಮೇಲೆ ಅವರು ಇನ್ನೊಂದು ಕೇಳಿದರು. ಅಂಗಳ ಸಾರಿಸಿದರೆ ಬಿಸಿಲಿಗೆ ಬಿರುಕು ಬಿಡುತ್ತದೆ, ಇವರದ್ದು ಬಿಡಲಿಲ್ಲವಾ? ಪುಸ್ತಕ ಇಂಗ್ಲಿಷಿನದು. ಪಕ್ಕದಲ್ಲಿ ಕೂತು ಓದಿ ಓದಿ ಕನ್ನಡದಲ್ಲಿ ಹೇಳಿದೆ. ಬಾಗಿಲು ಹಾಕುವ ಹೊತ್ತಾಯಿತು, ಬಿರುಕಿನ ವಿಷಯ ಇನ್ನೂ ಸಿಕ್ಕಿರಲಿಲ್ಲ. ಪುಟದ ನಡುವೆ ಚೀಟಿ ಇಟ್ಟಿದ್ದೇನೆ. ಶನಿವಾರ ಬರುತ್ತೇನೆ ಎಂದಿದ್ದಾರೆ.